ಆಕಾಶದಲ್ಲಿ ಬಿದ್ದವನಿಗೊಂದು ವೀರಗಲ್ಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಓಡಾಡಿದವರಿಗೆ ಒಂದು ನೋಟ ಚೆನ್ನಾಗಿ ಪರಿಚಿತ. ಅಡಿಕೆ ತೋಟದ ಅಂಚಿನಲ್ಲೋ, ಗದ್ದೆಯ ಬದುವಿನಲ್ಲೋ, ಹಳೆಯ ದೇವಸ್ಥಾನದ ಅಂಗಳದ ಹೊರಗೋ ಅರ್ಧ ಮಣ್ಣಿನಲ್ಲಿ ಹೂತ ಒಂದು ಕೆತ್ತನೆಯ ಕಲ್ಲು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ. ಬೇಸಗೆಯಲ್ಲಿ ಒಣಗಿ ಉದುರುತ್ತದೆ. ವರ್ಷಕ್ಕೊಮ್ಮೆ ಯಾರೋ ಬಂದು ಕುಂಕುಮ ಹಚ್ಚಿ, ಕಾಯಿ ಒಡೆದು ಹೋಗುತ್ತಾರೆ. ಇದು ಯಾರ ಕಲ್ಲು ಎಂದು ಕೇಳಿದರೆ ಒಬ್ಬರು ಭೂತನ ಕಲ್ಲು ಎನ್ನುತ್ತಾರೆ, ಇನ್ನೊಬ್ಬರು ಚೌಡಿ ಎನ್ನುತ್ತಾರೆ, ಮತ್ತೊಬ್ಬರು ಹಿಂದಿನವರು ನಡೆಸಿಕೊಂಡು ಬಂದದ್ದು ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ.

ಕಲ್ಲನ್ನು ಸ್ವಲ್ಪ ತೊಳೆದು ನೋಡಿದರೆ ಕತ್ತಿ ಹಿಡಿದ ಒಬ್ಬ ಮನುಷ್ಯ ಕಾಣಿಸುತ್ತಾನೆ. ಅದು ವೀರಗಲ್ಲು. ಆತ ಒಂದು ಕಾಲದಲ್ಲಿ ಅದೇ ಊರಿನಲ್ಲಿ ಉಂಡು, ಉತ್ತು, ಒಂದು ದಿನ ಊರಿನ ದನಗಳಿಗಾಗಿಯೋ ಒಡೆಯನಿಗಾಗಿಯೋ ಹೋರಾಡಿ ಸತ್ತವನು. ಪೂಜೆ ಉಳಿದಿದೆ; ಹೆಸರು ಹೋಗಿದೆ.

ಈ ಮಾತನ್ನು ಇಲ್ಲಿ ಎತ್ತಲು ಕಾರಣ, ನಮ್ಮ ಕಾಲದ ಒಬ್ಬ ವೀರನ ಕಥೆ. ಆತ ಹೋರಾಡಿದ್ದು ನೆಲದ ಮೇಲಲ್ಲ, ಆಕಾಶದಲ್ಲಿ. ಆತನ ವಿಷಯದಲ್ಲಿ ನಡೆದದ್ದು ವೀರಗಲ್ಲಿನ ಕಥೆಗೆ ಸರಿಯಾಗಿ ವಿರುದ್ಧ. ಹೆಸರು ಎಲ್ಲರಿಗೂ ಗೊತ್ತಿತ್ತು, ಆದರೆ ಆತ ಏನು ಮಾಡಿದನೆಂಬುದೇ ವರ್ಷಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. ಆತ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋಗಿ ಹಿಂತಿರುಗದ ಭಾರತೀಯ ವಾಯುಪಡೆಯ ಯುದ್ಧವಿಮಾನ ಚಾಲಕ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ನಡುವೆ ಕಳೆದದ್ದು 23 ವರ್ಷ. ಈ 23 ವರ್ಷ ಏಕಾಯಿತು ಎಂಬುದನ್ನು ತಿಳಿದುಕೊಂಡರೆ, ವೀರನನ್ನು ಗೌರವಿಸುವುದು ಎಂದರೆ ಏನು ಎಂಬುದೂ ಸ್ವಲ್ಪ ತಿಳಿಯುತ್ತದೆ.

ಕಲ್ಲು ನೆಡುವ ಕ್ರಮ

ಮೊದಲು ನಮ್ಮ ಹಿರಿಯರು ಈ ಕೆಲಸವನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ನೋಡೋಣ. ಕರ್ನಾಟಕದಲ್ಲಿ ಸಿಕ್ಕಿರುವಷ್ಟು ವೀರಗಲ್ಲುಗಳು ಭಾರತದ ಬೇರೆ ಕಡೆ ಸಿಗುವುದು ಅಪರೂಪ. ಬಿ.ಎಲ್. ರೈಸ್ ಅವರು ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಆಮೇಲೆ ಎಂ. ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ, ಎಸ್. ಶೆಟ್ಟರ್ ಮೊದಲಾದ ವಿದ್ವಾಂಸರು ಈ ಕಲ್ಲುಗಳು ಹೇಳುವ ಸಮಾಜದ ಕಥೆಯನ್ನು ಬಿಡಿಸಿ ತೋರಿಸಿದರು.

ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಅಂತಸ್ತು. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಕೆಲವು ಕಲ್ಲುಗಳಲ್ಲಿ ಅವನು ವಿಮಾನದಲ್ಲಿಯೇ ಕುಳಿತಿರುತ್ತಾನೆ. ಮೇಲಿನದರಲ್ಲಿ ಆತ ಕೈಲಾಸದಲ್ಲಿ ಶಿವಲಿಂಗದ ಮುಂದೆ ಇರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಚಂದ್ರಸೂರ್ಯರಿರುವ ತನಕ ಈ ಹೆಸರು ಇರಲಿ ಎಂಬುದು ಅದರ ಅರ್ಥ.

ಇದು ಚಿತ್ರದ ಮಾತಾಯಿತು. ಅಕ್ಷರವಿರುವ ಕಲ್ಲುಗಳನ್ನು ಓದಿದರೆ ಅದರ ಹಿಂದೆ ಒಂದು ವ್ಯವಸ್ಥೆಯೇ ಇತ್ತೆಂದು ತಿಳಿಯುತ್ತದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನೇ ತೆಗೆದುಕೊಳ್ಳಬಹುದು. ಇದು ಕ್ರಿ.ಶ. 900ರ ಸುಮಾರಿನದು. ಅಯ್ಯಪದೇವನಿಗಾಗಿ ನಾಗತ್ತರನೆಂಬ ನಾಯಕ ವೀರಮಹೇಂದ್ರನ ಸೈನ್ಯದ ಮೇಲೆ ಹೋಗಿ ತುಂಬೆಪಾಡಿಯಲ್ಲಿ ಹೋರಾಡಿ ಸತ್ತ. ಯಾರ ಪರವಾಗಿ, ಯಾರ ವಿರುದ್ಧ, ಎಲ್ಲಿ, ಹೇಗೆ ಎಂಬುದೆಲ್ಲ ಕಲ್ಲಿನಲ್ಲಿದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಅದನ್ನು ಕೇಳಿದ ಗಂಗರ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದೂ ಇದೆ. ಸತ್ತವನ ಮನೆಯವರಿಗೆ ಕೊಡುವ ಇಂಥ ಭೂಮಿಗೆ ನೆತ್ತರುಕೊಡಗೆ ಎಂದೂ ಹೆಸರಿತ್ತು. ನೆತ್ತರಿಗೆ ಪ್ರತಿಯಾಗಿ ಕೊಟ್ಟದ್ದು ಎಂದು ಮರೆಮಾಚದೆ ಹೇಳುವ ಮಾತು ಅದು.

ಮದ್ದೂರಿನ ಹತ್ತಿರದ ಆತಕೂರಿನ ಕಲ್ಲು ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಅದು ಕ್ರಿ.ಶ. 949-50ರ ಕಾಲದ್ದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಅದರ ಒಡೆಯ ಮಣಲೆರ ನೆಡಿಸಿದ ಕಲ್ಲು ಅದು. ಅದಕ್ಕೆ ಭೂಮಿ ಬಿಟ್ಟದ್ದಲ್ಲದೆ, ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಊಟ ಮಾಡಬಾರದೆಂಬ ಕಟ್ಟಳೆಯನ್ನೂ ಬರೆಸಿದ್ದಾರೆ. ನೆನಪು ತಾನಾಗಿ ಉಳಿಯುವುದಿಲ್ಲ, ಅದನ್ನು ದಿನವೂ ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು ಎಂಬ ತಿಳಿವಳಿಕೆ ಸಾವಿರ ವರ್ಷದ ಹಿಂದೆಯೇ ಇತ್ತು.

ಹೀಗೆ ನೋಡಿದರೆ ವೀರಗಲ್ಲಿಗೆ ನಾಲ್ಕು ಕಾಲು. ಒಂದು, ಕಾಳಗವನ್ನು ಕಂಡು ಬಂದು ಹೇಳುವ ಸಾಕ್ಷಿ. ಎರಡು, ಹೆಸರನ್ನೂ ಮಾಡಿದ ಕೆಲಸವನ್ನೂ ಬರೆದಿಡುವುದು. ಮೂರು, ಉಳಿದವರ ಬಾಳಿಗೆ ಆಧಾರ. ನಾಲ್ಕು, ನೆನಪನ್ನು ನಡೆಸಿಕೊಂಡು ಹೋಗುವ ಹೊಣೆ. ಇವುಗಳಲ್ಲಿ ಮೊದಲನೆಯದು ಇಲ್ಲದಿದ್ದರೆ ಉಳಿದ ಮೂರೂ ನಿಲ್ಲುವುದಿಲ್ಲ. ದೇವಯ್ಯನವರ ವಿಷಯದಲ್ಲಿ ಇಲ್ಲದೆ ಹೋದದ್ದು ಆ ಮೊದಲನೆಯದೇ.

ಸರ್ಗೋಧಾದ ಮುಂಜಾವು

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಯಲ್ಲಿ ಪೈಲಟ್ ಅಧಿಕಾರಿಯಾದರು. 1965ರ ಯುದ್ಧ ಆರಂಭವಾಗುವ ಹೊತ್ತಿಗೆ ಅವರು ಎಳೆಯರಿಗೆ ವಿಮಾನ ಹಾರಿಸಲು ಕಲಿಸುವ ಶಿಕ್ಷಕರಾಗಿದ್ದರು. ಯುದ್ಧ ಬಂದಾಗ ಪಂಜಾಬಿನ ಜಲಂಧರ್ ಬಳಿಯ ಆದಂಪುರ ನೆಲೆಯಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಬಂದರು. ಆಗ ಅವರ ವಯಸ್ಸು 32.

ಆ ಸ್ಕ್ವಾಡ್ರನ್ ಹಾರಿಸುತ್ತಿದ್ದುದು ಫ್ರಾನ್ಸ್ ದೇಶದ ಮಿಸ್ಟೇರ್ ಎಂಬ ವಿಮಾನ. ಗಟ್ಟಿ ಮೈಯ, ನಂಬಿಕೆಗೆ ಅರ್ಹವಾದ ಯಂತ್ರ. ಆದರೆ ಸಮತಲದಲ್ಲಿ ಹಾರುವಾಗ ಅದು ಶಬ್ದದ ವೇಗವನ್ನು ಮುಟ್ಟುತ್ತಿರಲಿಲ್ಲ. ಅದರಲ್ಲಿ 30 ಮಿಲಿಮೀಟರಿನ ಎರಡು ಫಿರಂಗಿಗಳಿದ್ದವು. ಎದುರು ಪಕ್ಷದಲ್ಲಿದ್ದ ಅಮೆರಿಕದ ಎಫ್-104 ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಶಾಖವನ್ನು ಬೆನ್ನಟ್ಟಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿ ಅದರಲ್ಲಿತ್ತು. ನಿಮಿಷಕ್ಕೆ ಆರು ಸಾವಿರ ಗುಂಡು ಉಗುಳುವ ಫಿರಂಗಿಯೂ ಇತ್ತು. ಕಾಗದದ ಮೇಲೆ ಇವೆರಡಕ್ಕೂ ಹೋಲಿಕೆಯೇ ಇಲ್ಲ.

1965ರ ಸೆಪ್ಟೆಂಬರ್ 6ರ ಬೆಳಿಗ್ಗೆ ಭಾರತದ ಸೇನೆ ಲಾಹೋರ್ ಕಡೆಗೆ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಹಲ್ವಾರಾ ನೆಲೆಗಳ ಮೇಲೆ ದಾಳಿ ನಡೆಸಿದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ಹತ್ತು ವಿಮಾನಗಳು ನಾಶವಾದವು. ಮರುದಿನ ಬೆಳಗಾಗುವುದರೊಳಗೆ ಉತ್ತರ ಕೊಡಬೇಕಿತ್ತು. ಪಾಕಿಸ್ತಾನದ ವಾಯುಪಡೆಯ ಮುಖ್ಯ ಶಕ್ತಿಯಿದ್ದುದು ಸರ್ಗೋಧಾದಲ್ಲಿ. ಆದಂಪುರದಿಂದ ಅಲ್ಲಿಗೆ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರ್.

ದಾಳಿಯ ನಾಯಕತ್ವ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರದು. ಹನ್ನೆರಡು ಮಿಸ್ಟೇರ್‌ಗಳು ಹೋಗಬೇಕೆಂದು ನಿಶ್ಚಯವಾಗಿತ್ತು. ದೇವಯ್ಯನವರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಕಾದಿರಿಸಿದವರಲ್ಲಿ ಅವರೊಬ್ಬರು. ಹಾಗೆಯೇ ಆಯಿತು. ಒಂದು ವಿಮಾನ ಹಿಂದುಳಿದಾಗ ಅವರು ಅದರ ಜಾಗಕ್ಕೆ ಸೇರಿಕೊಂಡರು. ಅಂದು ಅವರು ನೆಲೆಯಲ್ಲೇ ಉಳಿದಿದ್ದರೆ ಯಾರೂ ಏನೂ ಹೇಳುವ ಹಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಕತ್ತಲಲ್ಲಿ ರಡಾರಿಗೆ ಕಾಣದಂತೆ ನೆಲಕ್ಕೆ ಹತ್ತಿ ಹಾರಿ, ಮುಂಜಾನೆಯ ಮಬ್ಬಿನಲ್ಲಿ ಅವರು ಸರ್ಗೋಧಾ ತಲುಪಿದರು. ದಾಳಿ ಮುಗಿಸಿ ಹಿಂತಿರುಗುವಾಗ ಮೇಲೆ ಕಾವಲಿದ್ದ ಸ್ಟಾರ್‌ಫೈಟರ್ ಒಂದು ಬೆನ್ನು ಹತ್ತಿತು. ಅದನ್ನು ಹಾರಿಸುತ್ತಿದ್ದವರು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರು ಬಿಟ್ಟ ಕ್ಷಿಪಣಿ ಗುರಿ ಮುಟ್ಟಲಿಲ್ಲ. ಆಮೇಲೆ ಹಾರಿಸಿದ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಅದು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪೆಟ್ಟು ತಿಂದ ಮಿಸ್ಟೇರ್ ತಿರುಗಿ ನಿಂತಿತು.

ನಿಧಾನದ ವಿಮಾನವೊಂದು ವೇಗದ ವಿಮಾನವನ್ನು ಹೊಡೆಯುವುದು ಹೇಗೆ ಸಾಧ್ಯ ಎಂದು ಓದುಗರಿಗೆ ಅನ್ನಿಸಬಹುದು. ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಆಗುಂಬೆ ಘಾಟಿಯಲ್ಲಿ ಇಳಿಯುವಾಗ ವೇಗವಾಗಿ ಬರುವ ವಾಹನಕ್ಕೆ ತಿರುವಿನಲ್ಲಿ ಹೆಚ್ಚು ಜಾಗ ಬೇಕು. ನಿಧಾನವಾಗಿ ಬರುವುದು ಚಿಕ್ಕ ಜಾಗದಲ್ಲೇ ತಿರುಗಿಕೊಳ್ಳುತ್ತದೆ. ನೇರ ರಸ್ತೆಯಲ್ಲಿ ಹಿಂದೆ ಬಿದ್ದದ್ದು ತಿರುವಿನಲ್ಲಿ ಮುಂದಾಗಬಹುದು. ಆಕಾಶದಲ್ಲೂ ಲೆಕ್ಕ ಇದೇ. ಸ್ಟಾರ್‌ಫೈಟರಿನ ರೆಕ್ಕೆಗಳು ಗಿಡ್ಡ, ತೆಳು. ನೇರ ಓಟಕ್ಕೆ ಹೇಳಿ ಮಾಡಿಸಿದವು. ಅದು ಮೇಲಿನಿಂದ ಎರಗಿ, ಹೊಡೆದು, ಮತ್ತೆ ಮೇಲೇರಿದರೆ ಅದನ್ನು ಹಿಡಿಯುವವರಿಲ್ಲ. ಅದೇ ವಿಮಾನ ವೇಗ ಕಡಿಮೆ ಮಾಡಿಕೊಂಡು ತಿರುವಿನ ಕಾಳಗಕ್ಕೆ ಇಳಿದರೆ ತನ್ನ ಬಲವನ್ನು ತಾನೇ ಬಿಟ್ಟುಕೊಟ್ಟಂತೆ. ಎದುರಿಗಿರುವವನು ವರ್ಷಗಟ್ಟಲೆ ಬೇರೆಯವರಿಗೆ ಹಾರಾಟ ಕಲಿಸಿದ ಶಿಕ್ಷಕನಾಗಿದ್ದರೆ ಆ ತಪ್ಪಿಗೆ ಬೆಲೆ ತೆರಬೇಕಾಗುತ್ತದೆ. ದೇವಯ್ಯನವರ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರಿಗೆ ಬಡಿದವು. ಅಮ್ಜದ್ ಹುಸೇನ್ ವಿಮಾನದಿಂದ ಹೊರಕ್ಕೆ ಹಾರಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು.

ದೇವಯ್ಯನವರು ಬದುಕಲಿಲ್ಲ. ಅವರ ವಿಮಾನಕ್ಕೆ ಆಗಲೇ ಪೆಟ್ಟಾಗಿತ್ತು. ಪೆಟ್ಟಾಗದೆ ಇದ್ದಿದ್ದರೂ ಹಿಂತಿರುಗುವುದು ಕಷ್ಟವೇ ಇತ್ತು. ಹೋಗಿ ಬರುವ 600 ಕಿಲೋಮೀಟರಿಗೆ ಅಳೆದು ತುಂಬಿದ ಇಂಧನ ಅದು. ನೆಲದ ಹತ್ತಿರ ಹಾರುವಾಗ ಜೆಟ್ ಎಂಜಿನ್ ಹೆಚ್ಚು ಕುಡಿಯುತ್ತದೆ. ಅದರ ಮೇಲೆ ಕಾಳಗಕ್ಕೆ ನಿಂತರೆ ಮನೆಗೆ ಬರುವಷ್ಟು ಉಳಿಯುವುದಿಲ್ಲ. ಹೀಗೆ ತಿರುಗಿ ನಿಂತ ಆ ಗಳಿಗೆಯಲ್ಲೇ ಹಿಂತಿರುಗುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗಿತ್ತು.

ಯಾರೂ ಕಾಣದ ಕಾಳಗ

ಆದಂಪುರದಲ್ಲಿ ಹಿಂತಿರುಗಿದ ವಿಮಾನಗಳನ್ನು ಎಣಿಸಿದಾಗ ಒಂದು ಕಡಿಮೆ ಇತ್ತು. ಅಷ್ಟೇ ಗೊತ್ತಾದದ್ದು. ಜೊತೆಗೆ ಹೋದವರಲ್ಲಿ ಯಾರೂ ಆ ಕಾಳಗವನ್ನು ನೋಡಿರಲಿಲ್ಲ. ಕೆಳಗಿನಿಂದ ಹೊಡೆದ ಗುಂಡಿಗೆ ಬಿದ್ದಿರಬಹುದು, ಶತ್ರು ವಿಮಾನ ಹೊಡೆದಿರಬಹುದು ಎಂಬ ಊಹೆ ಮಾತ್ರ ಉಳಿಯಿತು. ಕಡತದಲ್ಲಿ ಅವರು ಮೊದಲು ಕಾಣೆಯಾದವರು, ಆಮೇಲೆ ಮೃತರು.

ವಾಯುಪಡೆಯಲ್ಲಿ ಒಬ್ಬ ಚಾಲಕ ಶತ್ರು ವಿಮಾನವನ್ನು ಕೆಡವಿದನೆಂದು ಒಪ್ಪಬೇಕಾದರೆ ಸಾಕ್ಷ್ಯ ಬೇಕು. ಫಿರಂಗಿ ಹಾರಿಸಿದಾಗ ತಾನಾಗಿ ಓಡುವ ಗನ್ ಕ್ಯಾಮೆರಾದ ಚಿತ್ರ, ಜೊತೆಯ ಚಾಲಕರ ಹೇಳಿಕೆ, ಇಲ್ಲವೆ ನೆಲಕ್ಕೆ ಬಿದ್ದ ಅವಶೇಷ. ದೇವಯ್ಯನವರ ಕ್ಯಾಮೆರಾ ಅವರ ವಿಮಾನದ ಜೊತೆಗೇ ಹೋಯಿತು. ಜೊತೆಯವರು ಕಾಣಲಿಲ್ಲ. ಅವಶೇಷ ಬಿದ್ದದ್ದು ಶತ್ರುವಿನ ನೆಲದಲ್ಲಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಕೊಡಗಿನದೇ. 1971ರ ನವೆಂಬರ್ 22ರಂದು ಬಂಗಾಳದ ಗಡಿಯ ಬೋಯ್ರಾ ಬಳಿ ನಮ್ಮ ನ್ಯಾಟ್ ವಿಮಾನಗಳಿಗೂ ಪಾಕಿಸ್ತಾನದ ಸೇಬರ್‌ಗಳಿಗೂ ಕಾಳಗವಾಯಿತು. ನ್ಯಾಟ್ ನಮ್ಮ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾಗುತ್ತಿದ್ದ ವಿಮಾನ. ಅದನ್ನು ಹಾರಿಸಿ ಗೆದ್ದವರಲ್ಲಿ ಫ್ಲೈಟ್ ಲೆಫ್ಟಿನೆಂಟ್ ಮಂಡೇಪಂಡ ಅಪ್ಪಚ್ಚು ಗಣಪತಿ ಒಬ್ಬರು. ಅಲ್ಲಿ ಗನ್ ಕ್ಯಾಮೆರಾದ ಚಿತ್ರಗಳಿದ್ದವು. ನೆಲದ ಮೇಲಿನ ಸೈನಿಕರು ಕಣ್ಣಾರೆ ಕಂಡರು. ಇಬ್ಬರು ಪಾಕಿಸ್ತಾನಿ ಚಾಲಕರು ಸೆರೆ ಸಿಕ್ಕರು. ಗಣಪತಿಯವರಿಗೆ ವೀರ ಚಕ್ರ ಬರಲು ತಡವಾಗಲಿಲ್ಲ. ಧೈರ್ಯ ಎರಡು ಕಡೆಯೂ ಒಂದೇ. ಸಾಕ್ಷಿ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

1965ರಲ್ಲಿಯೇ ಕೊಡಗಿನ ಇನ್ನೊಬ್ಬ ಚಾಲಕರ ವಿಷಯವನ್ನೂ ಇಲ್ಲಿ ಹೇಳಬಹುದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನ ಸೆಪ್ಟೆಂಬರ್ 22ರಂದು ಗುಂಡಿಗೆ ಸಿಕ್ಕಿ ಅವರು ಸೆರೆಯಾದರು. ಅಧ್ಯಕ್ಷ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡುಗಡೆ ಮಾಡುವ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಯೋಧರೂ ತನಗೆ ಮಕ್ಕಳೇ, ಒಬ್ಬನಿಗೆ ಬೇರೆ ಉಪಚಾರ ಬೇಡ ಎಂದು ತಂದೆ ಬೇಡವೆಂದರು. ಮಗ 1966ರಲ್ಲಿ ಉಳಿದವರೊಂದಿಗೆ ಹಿಂತಿರುಗಿ, ಮುಂದೆ ಏರ್ ಮಾರ್ಷಲ್ ಆದರು. ಹಿಂತಿರುಗಿದವರ ಬಾಯಲ್ಲಿ ಅವರ ಕಥೆ ಇರುತ್ತದೆ. ಹಿಂತಿರುಗದವರ ಕಥೆಯನ್ನು ಬೇರೆಯವರೇ ಹೇಳಬೇಕು.

ಕಾಣೆಯಾದವರು ಎಂಬ ಮಾತು ಮನೆಯವರ ಪಾಲಿಗೆ ಸತ್ತರು ಎಂಬುದಕ್ಕಿಂತ ಕಠಿಣ. ಸತ್ತವರಿಗೆ ಅಳಬಹುದು, ಕಾಣೆಯಾದವರಿಗೆ ಕಾಯಬೇಕು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿದೆ. ಸಾವು ನಿಶ್ಚಯವಿಲ್ಲದಾಗ ಆ ಎರಡು ಗುಂಡು ಹಾರಿಸುವುದು ಯಾವ ದಿನ? ನಮ್ಮ ಕಡೆಯ ಪುರೋಹಿತರಿಗೂ ಈ ಸಂಕಟ ಗೊತ್ತಿದೆ. ದೇಹ ಸಿಗದವರಿಗೆ ಮುತ್ತುಗದ ಎಲೆಯ ದಂಟಿನಿಂದಲೋ ದರ್ಭೆಯಿಂದಲೋ ಆಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಿಯನ್ನು ಶಾಸ್ತ್ರ ಹೇಳಿದೆ. ಕಾನೂನು ಕೂಡ ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಎಣಿಸುತ್ತದೆ. ಸೇನೆಗೆ ಅದರದೇ ಆದ ಕ್ರಮವಿದೆ. ಕಾಯುವುದಕ್ಕೂ ಒಂದು ಕೊನೆ ಬೇಕೆಂದು ಮನುಷ್ಯರು ಮಾಡಿಕೊಂಡ ಏರ್ಪಾಡುಗಳಿವು. ಆದರೆ ಇವು ಯಾವುದೂ, ಆತ ಕೊನೆಯ ಗಳಿಗೆಯಲ್ಲಿ ಏನು ಮಾಡಿದ ಎಂಬುದನ್ನು ಹೇಳಲಾರವು.

ಶತ್ರುವಿನ ಸಾಕ್ಷಿ

ಸಾಕ್ಷಿ ಕಡೆಗೂ ಬಂತು, ಬರಬಾರದ ಕಡೆಯಿಂದ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನ ವಾಯುಪಡೆಯ ಸಹಕಾರ ಪಡೆದು 1965ರ ವಾಯುಸಮರದ ಬಗ್ಗೆ ಒಂದು ಪುಸ್ತಕ ಬರೆದರು. ಅದು ಪ್ರಕಟವಾದದ್ದು 1979ರಲ್ಲಿ. ಪಾಕಿಸ್ತಾನದ ಚಾಲಕರ ಸಾಧನೆಗಳನ್ನು ಹೇಳಲು ಹೊರಟ ಪುಸ್ತಕ ಅದು. ಆದರೆ ಅದರಲ್ಲಿ, ಸೆಪ್ಟೆಂಬರ್ 7ರ ಮುಂಜಾನೆ ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಬಿದ್ದದ್ದು ಒಂದು ಭಾರತೀಯ ಮಿಸ್ಟೇರ್‌ನೊಡನೆ ನಡೆದ ಕಾಳಗದಲ್ಲಿ ಎಂಬ ವಿವರವೂ ಇತ್ತು. ಪೆಟ್ಟು ತಿಂದ ಮೇಲೂ ಬಿಡದೆ ಹೋರಾಡಿದ ಆ ಚಾಲಕ ಯಾರೆಂದು ಬರೆದವರಿಗೆ ತಿಳಿದಿರಲಿಲ್ಲ.

ಈ ಕಡೆ ಓದಿದವರಿಗೆ ಲೆಕ್ಕ ಕಷ್ಟವಾಗಿರಲಿಲ್ಲ. ಆ ಮುಂಜಾವಿನ ದಾಳಿಯಲ್ಲಿ ಹಿಂತಿರುಗದ ಮಿಸ್ಟೇರ್ ಒಂದೇ. ಹಾಗಿದ್ದ ಮೇಲೆ ಆ ಚಾಲಕ ದೇವಯ್ಯನವರಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿಲ್ಲ. ಅಂದಿನ ದಾಳಿಯ ನಾಯಕರಾಗಿದ್ದ ತನೇಜಾ ಅವರು ಇದನ್ನು ವಾಯುಪಡೆಯ ಗಮನಕ್ಕೆ ತಂದು, ತಮ್ಮ ಜೊತೆಗಾರನಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಎಂದು ಬರೆದರು. ಕಡೆಗೆ 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಈ ಮೂರನ್ನೂ ಸ್ಥಾಪಿಸಿದ್ದು 1950ರ ಜನವರಿ 26ರಂದು. ರಣರಂಗದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಮಹಾವೀರ ಚಕ್ರ ಎರಡನೆಯದು. ಅಷ್ಟು ದೊಡ್ಡ ಗೌರವ ಯುದ್ಧ ಮುಗಿದು ಎರಡು ದಶಕದ ನಂತರ ಬರುವುದು ತೀರ ಅಪರೂಪ.

ಇಲ್ಲಿ ಇಬ್ಬರ ದೊಡ್ಡತನವನ್ನು ನೆನೆಯಬೇಕು. ತಮ್ಮ ಕಡೆಯ ವಿಮಾನವನ್ನು ಎದುರಾಳಿಯೇ ಕೆಡವಿದನೆಂಬ ಮಾತನ್ನು ಮುಚ್ಚಿಡದೆ ಹೊರಬಿಟ್ಟವರದು ಒಂದು. ಯುದ್ಧದ ಹೊತ್ತಿನಲ್ಲಿ ಎರಡೂ ದೇಶದವರು ತಮ್ಮ ನಷ್ಟವನ್ನು ಕಡಿಮೆ ಮಾಡಿ, ಶತ್ರುವಿನ ನಷ್ಟವನ್ನು ಹೆಚ್ಚು ಮಾಡಿ ಹೇಳುವುದು ವಾಡಿಕೆ. ಆ ಅಬ್ಬರ ತಗ್ಗಿದ ಮೇಲೆ ಒಂದು ನಿಜ ಹೊರಬಂದು, ಗಡಿಯ ಈಚೆಗಿನ ಒಂದು ಮನೆಯನ್ನು ತಲುಪಿತು. ಇನ್ನೊಂದು, ತನೇಜಾ ಅವರದು. ತಾನು ಕರೆದುಕೊಂಡು ಹೋಗಿ ಹಿಂದಕ್ಕೆ ಕರೆತರಲಾಗದ ಒಬ್ಬನನ್ನು ಅವರು ಮರೆಯಲಿಲ್ಲ. ವೀರಗಲ್ಲಿನ ಕಾಲದ ಮಾತಿನಲ್ಲಿ ಹೇಳುವುದಾದರೆ, ಕಾಳಗದಿಂದ ಊರಿಗೆ ಬಂದು ಸತ್ತವನ ಕಥೆ ಹೇಳಬೇಕಾದದ್ದು ಜೊತೆಗೆ ಹೋದವನ ಧರ್ಮ. ಅದನ್ನು ಅವರು ತಡವಾಗಿಯಾದರೂ ನಡೆಸಿದರು.

ಇಂದಿನ ಕಲ್ಲುಗಳು

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. 2025ರಲ್ಲಿ ತೆರೆಗೆ ಬಂದ ಸ್ಕೈ ಫೋರ್ಸ್ ಎಂಬ ಹಿಂದಿ ಚಲನಚಿತ್ರವೂ, ಪಾತ್ರದ ಹೆಸರು ಬೇರೆಯಾದರೂ, ಈ ಕಥೆಯ ಆಧಾರದ ಮೇಲೆಯೇ ಬಂದದ್ದು. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಸಮರ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ ಯೋಧರ ಹೆಸರುಗಳನ್ನು ಕಲ್ಲಿನ ಇಟ್ಟಿಗೆಗಳಲ್ಲಿ ಕೆತ್ತಿದ್ದಾರೆ. ಆರಂಭದಲ್ಲಿ ಆ ಹೆಸರುಗಳ ಸಂಖ್ಯೆ 25,942. ಒಬ್ಬೊಬ್ಬನಿಗೆ ಒಂದೊಂದು ಕಲ್ಲು. ಬೆಂಗಳೂರಿನ ನೆಹರೂ ತಾರಾಲಯದ ಬಳಿಯ ಸೈನಿಕ ಸ್ಮಾರಕ ಉದ್ಯಾನದಲ್ಲಿ 75 ಅಡಿ ಎತ್ತರದ ಏಕಶಿಲೆಯನ್ನು ನಿಲ್ಲಿಸಿ ಅದಕ್ಕೆ ವೀರಗಲ್ಲು ಎಂದೇ ಹೆಸರಿಟ್ಟಿದ್ದಾರೆ. ಹಳೆಯ ಪದ ಮತ್ತೆ ಕೆಲಸಕ್ಕೆ ಬಂದಿದೆ.

ಆದರೆ ಹೆಸರಿಟ್ಟ ಮಾತ್ರಕ್ಕೆ ನೆನಪು ಉಳಿಯುತ್ತದೆಯೇ? ನಮ್ಮ ನರಸಿಂಹರಾಜಪುರವನ್ನೇ ನೋಡಿ. ಎಡೇಹಳ್ಳಿ ಎಂಬ ಹಳೆಯ ಹೆಸರು ಹೋಗಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥ ಈ ಹೆಸರು ಬಂತು. ಈಗ ಬಸ್ಸಿನ ಬೋರ್ಡಿನಲ್ಲೂ ನಮ್ಮ ಬಾಯಲ್ಲೂ ಅದು ಎನ್.ಆರ್. ಪುರ. ಎರಡು ಅಕ್ಷರದ ಹಿಂದೆ ಯಾರಿದ್ದಾರೆಂದು ಕೇಳಿದರೆ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿ ಹೇಳಿಯಾರು? ಇದು ಯಾರ ತಪ್ಪೂ ಅಲ್ಲ, ಹೆಸರುಗಳ ಸ್ವಭಾವ. ದಿನವೂ ಬಳಸಿದ ಹೆಸರು ಸವೆಯುತ್ತದೆ. ಬಳಸದೆ ಬಿಟ್ಟ ಕಲ್ಲಿಗೆ ಪಾಚಿ ಕಟ್ಟುತ್ತದೆ. ಎರಡರಿಂದಲೂ ಉಳಿಸುವುದು ಒಂದೇ, ಅದರ ಹಿಂದಿನ ಕಥೆಯನ್ನು ಆಗಾಗ ಹೇಳುವುದು. ಆತಕೂರಿನ ಶಾಸನ ಗೊರವನಿಗೆ ಹಾಕಿದ ಕಟ್ಟಳೆಯ ತಿರುಳೂ ಇಷ್ಟೇ.

ಕೊಡಗಿನವರು ಸೆಪ್ಟೆಂಬರ್ ಆರಂಭದಲ್ಲಿ ಕೈಲ್ ಪೊಳ್ದ್ ಹಬ್ಬ ಆಚರಿಸುತ್ತಾರೆ. ಬಿತ್ತನೆ, ನಾಟಿ ಮುಗಿದ ಮೇಲೆ ಆಯುಧಗಳನ್ನು ಶುಚಿಗೊಳಿಸಿ ಪೂಜಿಸುವ ಹಬ್ಬ ಅದು. ಅದಾದ ಕೆಲವೇ ದಿನಕ್ಕೆ ಸೆಪ್ಟೆಂಬರ್ 7 ಬರುತ್ತದೆ. ಆ ದಿನ ಮಡಿಕೇರಿಯಲ್ಲಿ ದೇವಯ್ಯನವರನ್ನು ನೆನೆಯುತ್ತಾರೆ. ಪೂಜೆಯೂ ಹೆಸರೂ ಅಲ್ಲಿ ಇನ್ನೂ ಒಟ್ಟಿಗಿವೆ.

ನಮ್ಮ ಮೂರು ತಾಲ್ಲೂಕುಗಳ ಮಾತೇನು? ಸೇನೆಗೆ ಹೋದವರು, ಹೋಗಿ ಬಂದು ತೋಟ ನೋಡಿಕೊಂಡಿರುವವರು, ಬಾರದೆ ಹೋದವರು ಇಲ್ಲಿಯೂ ಇದ್ದಾರೆ. ಅವರಿಗೆಲ್ಲ ವೃತ್ತವೂ ಬೇಡ, ಪ್ರತಿಮೆಯೂ ಬೇಡ. ಊರಿನ ಶಾಲೆಯ ಗೋಡೆಯಲ್ಲಿ ಒಂದು ಹಲಗೆ. ಅದರಲ್ಲಿ ಹೆಸರು, ಊರು, ಪಡೆ, ವರ್ಷ. ಜೊತೆಗೆ, ಹಿಂತಿರುಗಿದ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು ಕೇಳಿ ಬರೆದುಕೊಂಡ ನಾಲ್ಕು ಪುಟ. ಯುದ್ಧದ ಮಾತನ್ನು ತಾವಾಗಿ ಎತ್ತುವ ಸೈನಿಕರು ಕಡಿಮೆ. ಕೇಳಿದರೆ ತಮ್ಮದಕ್ಕಿಂತ ಮೊದಲು ಜೊತೆಯವರ ಕಥೆ ಹೇಳುತ್ತಾರೆ. ಆ ಜೊತೆಯವರಲ್ಲಿ ಯಾರಿಗೋ ಅದೊಂದೇ ಸಾಕ್ಷಿಯಾಗಿರಬಹುದು.

ದೇವಯ್ಯನವರ ಸಾಕ್ಷಿಗೆ 14 ವರ್ಷ ಹಿಡಿಯಿತು, ಗೌರವಕ್ಕೆ 23. ಅದೂ ಎದುರು ಪಕ್ಷದ ಒಂದು ಪುಸ್ತಕ ಬಂದಿತ್ತೆಂದು, ಅದನ್ನು ಓದಿದ ಒಬ್ಬ ಜೊತೆಗಾರ ಸುಮ್ಮನಿರಲಿಲ್ಲವೆಂದು. ಆ ಪುಸ್ತಕ ಬಾರದೆ ಇದ್ದಿದ್ದರೆ ಅವರು ಇಂದಿಗೂ ಕಡತದಲ್ಲಿ ಒಂದು ಸಾಲಾಗಿ ಉಳಿಯುತ್ತಿದ್ದರು. ಮುಂದಿನ ಸಲ ತೋಟದ ಅಂಚಿನ ಆ ಕಲ್ಲಿನ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತು ಪಾಚಿ ಒರೆಸಿ ನೋಡಿ. ಅಲ್ಲಿಯೂ ಒಬ್ಬ ಮನುಷ್ಯನಿದ್ದಾನೆ. ಆತನ ಕಥೆ ಹೇಳಲು ಒಬ್ಬ ಬಂದಿದ್ದನೆಂಬುದಕ್ಕೆ ಆ ಕಲ್ಲೇ ಗುರುತು.